ರಕ್ತದಲ್ಲಿ ಕಾಣದ್ದು ಮಿದುಳಿನಲ್ಲಿ

ಮದ್ದೂರಿನ ಕಡೆಯ ಓದುಗರೊಬ್ಬರು ಈ ಅಂಕಣಕ್ಕೆ ಬರೆದ ಕಾಗದವೊಂದು ಕೈಸೇರಿದೆ. ಹೆಸರು ಹಾಕಬಾರದೆಂದು ಕೋರಿದ್ದಾರೆ, ಹಾಕುವುದಿಲ್ಲ. ಅವರ ಬಂಧುವೊಬ್ಬರು ಹಲವು ವರ್ಷಗಳಿಂದ ಎಚ್.ಐ.ವಿ.ಗೆ ಔಷಧ ಸೇವಿಸುತ್ತಿದ್ದಾರೆ. ಈಚೆಗೆ ಮಾತ್ರೆ ತಪ್ಪಿಸಿದವರಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ವೈರಸ್ ಕಂಡುಬಂದಿಲ್ಲವೆಂದೇ ಬರೆದಿದೆ. ಆದರೂ ಕೆಲವು ತಿಂಗಳಿಂದ ನಡೆಯುವಾಗ ಓಲಾಡುತ್ತಾರೆ, ಕೈ ನಡುಗುತ್ತದೆ, ಸಂತೆಗೆ ಹೋಗಿ ಬಂದರೆ ಚಿಲ್ಲರೆಯ ಲೆಕ್ಕ ಹೊಂದುವುದಿಲ್ಲ, ಕೇಳಿದ ಪ್ರಶ್ನೆಗೆ ಬಹಳ ಹೊತ್ತಿನ ಮೇಲೆ ಉತ್ತರ ಬರುತ್ತದೆ. ಮನೆಯ ಹಿರಿಯರು ಗಾಳಿ ಸೋಕಿದೆ ಎಂದರಂತೆ. ನೆರೆಯವರು, ಮನಸ್ಸಿಗೆ ಹಚ್ಚಿಕೊಂಡು ಕೊರಗುತ್ತಿದ್ದಾನೆ ಎಂದರಂತೆ. ಕಾಗದ ಬರೆದವರು ಕೇಳುವ ಪ್ರಶ್ನೆ ನೇರವಾಗಿದೆ: ರಕ್ತದಲ್ಲಿ ಇಲ್ಲದ ರೋಗ ತಲೆಯಲ್ಲಿ ಇರಲು ಸಾಧ್ಯವೇ?

ಸಾಧ್ಯ. ಕಾಗದ ಓದಿ ರೋಗವನ್ನು ನಿರ್ಣಯಿಸುವುದು ಈ ಅಂಕಣದ ಕೆಲಸವಲ್ಲ. ಆ ಬಂಧುವಿಗೆ ಇದೇ ಆಗಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಇಂಥದೊಂದು ಸಂಗತಿ ಉಂಟು, ಅದನ್ನು ಪರೀಕ್ಷೆಯಿಂದ ಕಂಡುಹಿಡಿಯಬಹುದು, ಕಂಡುಹಿಡಿದರೆ ಚಿಕಿತ್ಸೆಯೂ ಉಂಟು. ತಡಮಾಡಿದರೆ ಮಿದುಳಿಗಾದ ಹಾನಿ ಮರಳಿ ಸರಿಹೋಗದಿರಬಹುದು. ಈ ಕಾರಣಕ್ಕಾಗಿಯೇ ಈ ಸಲದ ಅಂಕಣವನ್ನೆಲ್ಲ ಈ ಒಂದು ಪ್ರಶ್ನೆಗೆ ಮೀಸಲಿಟ್ಟಿದ್ದೇನೆ.

ಮೊದಲಿಗೆ, ಮಿದುಳು ದೇಹದ ಉಳಿದ ಅವಯವಗಳಂತೆ ಅಲ್ಲವೆಂಬುದನ್ನು ತಿಳಿಯಬೇಕು. ಜರ್ಮನಿಯ ಪಾಲ್ ಎರ್ಲಿಕ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲವೂ ಬಣ್ಣ ಹಿಡಿದವು. ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದೇ ಬಗೆಯ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಹಾಕಿ ನೋಡಿದ. ಈ ಸಲ ಮಿದುಳು ಬಣ್ಣ ಹಿಡಿಯಿತು, ದೇಹ ಹಿಡಿಯಲಿಲ್ಲ. ಎಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆಯೆಂದಾಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಮೈಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಕೂಡಿಕೊಂಡಿರುತ್ತವೆ. ಉಳಿದೆಡೆಯ ರಕ್ತನಾಳಗಳಲ್ಲಿರುವ ಸಂದುಗಳು ಅಲ್ಲಿಲ್ಲ. ಅಷ್ಟು ಸಾಲದೆಂಬಂತೆ, ಹೇಗೋ ಒಳನುಸುಳಿದ ಅನೇಕ ಪದಾರ್ಥಗಳನ್ನು ಹಿಡಿದು ಮತ್ತೆ ರಕ್ತಕ್ಕೆ ದೂಡುವ ಪಂಪುಗಳೂ ಆ ಕೋಶಗಳಲ್ಲಿವೆ. ಗದ್ವಾಲದ ಕೋಟೆಯನ್ನು ನೋಡಿದವರಿಗೆ ಹೇಳುವುದಾದರೆ, ಇಲ್ಲಿ ಗೋಡೆಯಷ್ಟೇ ಅಲ್ಲ, ಒಳಹೊಕ್ಕವರನ್ನು ಹುಡುಕಿ ಹೊರಗಟ್ಟುವ ಕಾವಲುಗಾರರೂ ಇದ್ದಾರೆ.

ಈ ಏರ್ಪಾಡು ನಮ್ಮ ರಕ್ಷಣೆಗೆ ಇರುವಂಥದು. ನಾವು ತಿಂದ ಉಂಡ ಪದಾರ್ಥಗಳೆಲ್ಲ ಮಿದುಳಿಗೆ ತಾಕುವಂತಿದ್ದರೆ ಬದುಕುವುದೇ ಕಷ್ಟವಾಗುತ್ತಿತ್ತು. ಆದರೆ ಕಾವಲುಗಾರನಿಗೆ ಔಷಧವಾವುದು ವಿಷವಾವುದು ಎಂಬ ಭೇದ ತಿಳಿಯದು. ಎರಡನ್ನೂ ತಡೆಯುತ್ತಾನೆ.

ಎಚ್.ಐ.ವಿ. ಈ ಕೋಟೆಯನ್ನು ಹೊಗುವುದು ವೇಷ ಮರೆಸಿಕೊಂಡು. ರಕ್ತದ ಕೆಲವು ಬಿಳಿಯ ಕೋಶಗಳಿಗೆ ಮಿದುಳಿನೊಳಗೆ ಹೋಗಿಬರುವ ಅಧಿಕಾರ ಉಂಟು. ವೈರಸ್ ಅವುಗಳೊಳಗೆ ಅಡಗಿ, ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿನ ಕಾವಲು ಕೋಶಗಳಲ್ಲಿ ಮನೆಮಾಡಿಕೊಂಡು ವರ್ಷಗಟ್ಟಲೆ ಇದ್ದುಬಿಡುತ್ತದೆ. ರೋಗದ ಮೊದಲ ವರದಿ ಅಮೆರಿಕದಲ್ಲಿ ಹೊರಬಂದದ್ದು 1981ರ ಜೂನ್ ತಿಂಗಳಲ್ಲಿ. ವೈರಸ್ಸನ್ನು ಫ್ರಾನ್ಸಿನವರು ಗುರುತಿಸಿದ್ದು 1983ರಲ್ಲಿ. ರೋಗಿಗಳ ಮಿದುಳಿನಲ್ಲಿ ಅದು ಇದೆಯೆಂದು ತಿಳಿದದ್ದು 1985ರಷ್ಟು ಹಿಂದೆಯೇ. ಭಾರತದಲ್ಲಿ ಸೋಂಕು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಶ್ರಮದಿಂದ.

ಇನ್ನು ಔಷಧಗಳ ಮಾತು. 1996ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ರೂಢಿಗೆ ಬಂದಿತು. ಮೂರೇ ಏಕೆ ಎಂದರೆ, ಈ ವೈರಸ್ ತನ್ನ ಪ್ರತಿ ತೆಗೆಯುವಾಗ ಬಹಳ ತಪ್ಪು ಮಾಡುವ ಲಿಪಿಕಾರನಂತೆ. ಸುಮಾರು 9,700 ಅಕ್ಷರಗಳ ಅದರ ಗ್ರಂಥವನ್ನು ನಕಲು ಮಾಡುವಾಗ ತಿದ್ದಿ ನೋಡುವ ಅಭ್ಯಾಸವೇ ಅದಕ್ಕಿಲ್ಲ. ಕೆಲವೇ ಪ್ರತಿಗಳಿಗೊಂದು ತಪ್ಪು ನುಸುಳುತ್ತದೆ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಆದರೆ ಯಾವುದೋ ಒಂದು ತಪ್ಪು, ಅಕಸ್ಮಾತ್ತಾಗಿ, ಔಷಧದ ಹಿಡಿತಕ್ಕೆ ಸಿಗದಂಥ ರೂಪವನ್ನು ಕೊಡುತ್ತದೆ. ಔಷಧ ಒಂದೇ ಇದ್ದರೆ ಆ ಒಂದು ರೂಪ ಬದುಕಿ ಬೆಳೆದು ಊರನ್ನೆಲ್ಲ ತುಂಬುತ್ತದೆ. ಒಂದೇ ಕಾಲದಲ್ಲಿ ಮೂರರಿಂದ ತಪ್ಪಿಸಿಕೊಳ್ಳುವ ರೂಪ ಹುಟ್ಟುವುದು ಮಾತ್ರ ತೀರ ಅಪರೂಪ. ಉದಾಹರಣೆಗೆ ಲ್ಯಾಮಿವುಡಿನ್ ಎಂಬ ಔಷಧವನ್ನು ನಿಷ್ಫಲಗೊಳಿಸಲು ವೈರಸ್ಸಿನ ಒಂದು ಕಿಣ್ವದಲ್ಲಿ 184ನೆಯ ಸ್ಥಾನದ ಒಂದೇ ಒಂದು ಘಟಕ ಬದಲಾದರೆ ಸಾಕು.

ಮೂರು ಔಷಧಗಳನ್ನು ಕೊಟ್ಟೆವು, ಸರಿ. ಆದರೆ ಕೋಟೆಯೊಳಗೆ ಹೋಗುವುದು ಎಷ್ಟು? ಈ ಲೆಕ್ಕಕ್ಕಾಗಿ ಅಮೆರಿಕದ ಸಂಶೋಧಕರು 2008ರಲ್ಲಿ ಒಂದು ಅಂಕಪಟ್ಟಿಯನ್ನು ಹೊರತಂದು 2010ರಲ್ಲಿ ತಿದ್ದಿದರು. ಮಿದುಳಿಗೆ ಚೆನ್ನಾಗಿ ಇಳಿಯುವ ಔಷಧಕ್ಕೆ ನಾಲ್ಕು ಅಂಕ, ತೀರ ಕಡಮೆ ಇಳಿಯುವುದಕ್ಕೆ ಒಂದು. ಹಳೆಯ ಔಷಧಗಳಾದ ಜಿಡೊವುಡಿನ್, ನೆವಿರಪಿನ್‌ಗಳಿಗೆ ತಲಾ ನಾಲ್ಕು. ಟೆನೊಫೊವಿರ್‌ಗೆ ಒಂದು. ಲ್ಯಾಮಿವುಡಿನ್‌ಗೆ ಎರಡು, ರಿಟೊನವಿರ್ ಬೆರೆಸಿದ ಅಟಜನವಿರ್‌ಗೆ ಎರಡು. ಈ ಅಂಕಗಳನ್ನೇ ವೇದವಾಕ್ಯವೆಂದು ಹಿಡಿಯಲಾಗದೆಂಬ ವಾದವೂ ವೈದ್ಯರಲ್ಲಿ ಉಂಟು. ಆದರೆ ದಿಕ್ಕು ತೋರಿಸಲು ಇವು ಸಾಕು.

ಈಗ ನಮ್ಮ ದೇಶದ ಪರಿಸ್ಥಿತಿಯನ್ನು ನೋಡೋಣ. ಸರ್ಕಾರ 2004ರ ಏಪ್ರಿಲ್ ಒಂದರಿಂದ ಎಚ್.ಐ.ವಿ. ಔಷಧಗಳನ್ನು ಉಚಿತವಾಗಿ ಕೊಡತೊಡಗಿತು. ಅದಕ್ಕೆ ಮುನ್ನ, 2001ರಲ್ಲಿ, ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ದಿನಕ್ಕೆ ಒಂದು ಡಾಲರಿಗಿಂತ ಕಡಮೆ ದರದಲ್ಲಿ ಮೂರು ಔಷಧಗಳನ್ನು ಒದಗಿಸುವೆವೆಂದು ಹೇಳಿ ಲೋಕವನ್ನೇ ಬೆರಗುಗೊಳಿಸಿದ್ದು ಹಲವರಿಗೆ ನೆನಪಿರಬಹುದು. ಮೊದಲ ವರಸೆಯ ಔಷಧ ಯಾರಲ್ಲಿ ಸೋತಿತೋ ಅವರಿಗೆ ಎರಡನೆಯ ವರಸೆ ಎಂದು ಬಹುಕಾಲ ಕೊಡುತ್ತಿದ್ದುದು ಟೆನೊಫೊವಿರ್, ಲ್ಯಾಮಿವುಡಿನ್, ಮತ್ತು ರಿಟೊನವಿರ್ ಸಹಿತ ಅಟಜನವಿರ್. ರಕ್ತದ ಮಟ್ಟಿಗೆ ಇದು ಒಳ್ಳೆಯ ಕೂಟವೇ ಸರಿ. ಲಕ್ಷಾಂತರ ಜನ ಇಂಥ ಔಷಧಗಳಿಂದ ಬದುಕಿದ್ದಾರೆ. ಮಿದುಳಿನಲ್ಲಿ ಏನಾಗುತ್ತದೆಂದರೆ: ಮೊದಲ ವರಸೆ ಸೋತಾಗಲೇ ಆ ರೋಗಿಯ ವೈರಸ್ ಲ್ಯಾಮಿವುಡಿನ್‌ಗೆ ಮಣಿಯದ ರೂಪವನ್ನು ಪಡೆದಿರುತ್ತದೆ, ಆ ರೂಪ ಎಲ್ಲೋ ಅಡಗಿ ಉಳಿದಿರುತ್ತದೆ. ಟೆನೊಫೊವಿರ್ ಕೋಟೆಯೊಳಗೆ ಇಳಿಯುವುದೇ ಕಡಮೆ. ಅಟಜನವಿರ್ ರಕ್ತದ ಸಾರಜನಕ ಪದಾರ್ಥಗಳಿಗೆ ಅಂಟಿಕೊಳ್ಳುತ್ತದೆ. ಒಳಹೊಕ್ಕ ಅಲ್ಪಭಾಗವನ್ನೂ ಆ ಪಂಪುಗಳು ಹೊರಗೆ ಹಾಕುತ್ತವೆ. ಚೀಟಿಯ ಮೇಲೆ ಮೂವರು ಯೋಧರಿದ್ದಾರೆ; ಮಿದುಳಿನೊಳಗೆ ಒಬ್ಬನೂ ನೆಟ್ಟಗೆ ನಿಂತಿಲ್ಲ.

ಔಷಧ ಪೂರ್ತಿ ಇಲ್ಲದಿದ್ದರೆ ವೈರಸ್ ಸುಮ್ಮನೆ ಬೆಳೆಯುತ್ತದೆ. ಪೂರ್ತಿ ಇದ್ದರೆ ನಿಲ್ಲುತ್ತದೆ. ಅರೆಬರೆ ಇದ್ದಾಗಲೇ ಅಪಾಯ ಹೆಚ್ಚು, ಏಕೆಂದರೆ ಆಗ ಮಣಿಯುವ ವೈರಸ್ ಸಾಯುತ್ತದೆ, ಮಣಿಯದ್ದು ಉಳಿಯುತ್ತದೆ. ಹೀಗೆ ರಕ್ತದಲ್ಲಿ ಶೂನ್ಯವೆಂದು ಬರೆದಿರುವ ಮನುಷ್ಯನ ಮಿದುಳಿನ ನೀರಿನಲ್ಲಿ ಔಷಧಕ್ಕೆ ಮಣಿಯದ ವೈರಸ್ ಸಾವಿರಗಟ್ಟಲೆ ಇರುವುದುಂಟು. ಫ್ರಾನ್ಸಿನ ವೈದ್ಯರು 2010ರಲ್ಲಿ ಇಂಥ 11 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಪರೀಕ್ಷಿಸಲು ಸಾಧ್ಯವಾದ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಮಣಿಯದ ರೂಪವೇ ಕಂಡಿತು. ಮಿದುಳಿಗೆ ಇಳಿಯುವ ಔಷಧಗಳಿಗೆ ಬದಲಿಸಿದಾಗ ರೋಗಿಗಳು ಚೇತರಿಸಿಕೊಂಡರು. ನಮ್ಮಲ್ಲಿಯೂ ಪಶ್ಚಿಮ ಭಾರತದ ವೈದ್ಯರು ಇಂಥ ರೋಗಿಗಳನ್ನು ಗುರುತಿಸಿ ಈ ಹತ್ತು ವರ್ಷಗಳಲ್ಲಿ ಬರೆದಿದ್ದಾರೆ. ಅವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಂತೂ ಅಟಜನವಿರ್ ಸೇವಿಸುತ್ತಿದ್ದವರ ಕುರಿತೇ ಇದೆ.

ಇದರ ಮದ್ದಿನಲ್ಲೊಂದು ಸ್ವಾರಸ್ಯವಿದೆ. ರಕ್ತಹೀನತೆ ಉಂಟುಮಾಡುತ್ತದೆಂದು ಹಿಂದಕ್ಕೆ ಸರಿಸಿದ್ದ ಹಳೆಯ ಜಿಡೊವುಡಿನ್ ಔಷಧವನ್ನು, ಮಿದುಳಿಗೆ ಇಳಿಯುತ್ತದೆಂಬ ಗುಣಕ್ಕಾಗಿ, ಇಂಥ ರೋಗಿಗಳಿಗೆ ವೈದ್ಯರು ಮತ್ತೆ ಕರೆತಂದದ್ದುಂಟು. ಜೊತೆಗೆ ಡೊಲ್ಯುಟೆಗ್ರವಿರ್ ಎಂಬ ಹೊಸದು. 2021ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಈಗ ಸರ್ಕಾರಿ ಕೇಂದ್ರಗಳಲ್ಲಿ ಬಹುಪಾಲು ರೋಗಿಗಳಿಗೆ ಡೊಲ್ಯುಟೆಗ್ರವಿರ್ ಕೂಡಿದ ಮಾತ್ರೆಯನ್ನೇ ಕೊಡುತ್ತಾರೆ. ಮಿದುಳಿನ ದೃಷ್ಟಿಯಿಂದ ಇದು ಸಮಾಧಾನದ ಸಂಗತಿ. ಆದರೆ ಓದುಗರು ಇಷ್ಟನ್ನು ಓದಿ ತಾವಾಗಿಯೇ ಮಾತ್ರೆ ಬದಲಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು. ಯಾವ ಔಷಧಕ್ಕೆ ಯಾವುದನ್ನು ಕೂಡಿಸಬೇಕೆಂಬುದು ಹಿಂದಿನ ಚರಿತ್ರೆಯನ್ನೆಲ್ಲ ಮುಂದಿಟ್ಟುಕೊಂಡು ವೈದ್ಯರು ನಿರ್ಧರಿಸತಕ್ಕ ವಿಷಯ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ಎಚ್.ಐ.ವಿ. ಇದ್ದವರಿಗೆ ತಲೆಯ ತೊಂದರೆ ಬಂದರೆ ಅದು ಮೇಲೆ ಹೇಳಿದ ಕಾರಣದಿಂದಲೇ ಇರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಬೇರೆ ಕಾರಣಗಳೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1989ರಿಂದ 1996ರವರೆಗೆ ತಮ್ಮಲ್ಲಿಗೆ ಬಂದ ಎಚ್.ಐ.ವಿ. ರೋಗಿಗಳ ನರಸಂಬಂಧವಾದ ಕಾಯಿಲೆಗಳನ್ನು ಕುರಿತು 2000ದಲ್ಲಿ ಬರೆದರು. ಮುಂದೆ ನಿಂತವು ಎರಡು: ಮಿದುಳಿನ ಪೊರೆಗೆ ತಗುಲುವ ಕ್ಷಯ, ಮತ್ತು ಕ್ರಿಪ್ಟೊಕಾಕಸ್ ಎಂಬ ಬೂಷ್ಟಿನಿಂದ ಬರುವ ಪೊರೆಯುರಿ. ಇವೆರಡಕ್ಕೂ ಔಷಧವುಂಟು, ಬಿಟ್ಟರೆ ಎರಡೂ ಪ್ರಾಣಾಂತಿಕ. ಆದುದರಿಂದ ಕಾರಣ ಯಾವುದೇ ಇರಲಿ, ಪರೀಕ್ಷೆಗೆ ಹೋಗುವ ದಾರಿ ಒಂದೇ.

ನಿಮ್ಹಾನ್ಸ್ ಎಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಮೃತರ ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಭಂಡಾರವೊಂದು ಅಲ್ಲಿ 1995ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದವರು ಡಾ. ಎಸ್.ಕೆ. ಶಂಕರ್. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರು ನಿಮ್ಹಾನ್ಸ್ ವೈದ್ಯರೊಡನೆ ಕೂಡಿ 2004ರಲ್ಲಿ ಒಂದು ವಿಶೇಷವನ್ನು ತೋರಿಸಿಕೊಟ್ಟರು. ಭಾರತದಲ್ಲಿ ಹೆಚ್ಚಾಗಿ ಹರಡಿರುವುದು ಎಚ್.ಐ.ವಿ.ಯ ‘ಸಿ’ ಎಂಬ ಬಗೆ. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿರುವುದು ‘ಬಿ’. ‘ಸಿ’ ಬಗೆಯ ವೈರಸ್ಸಿನ ಒಂದು ಸಾರಜನಕ ಪದಾರ್ಥದಲ್ಲಿ 31ನೆಯ ಸ್ಥಾನದ ಘಟಕ ಬೇರೆಯಾಗಿದ್ದು, ಅದರಿಂದ ರಕ್ತದ ಕೋಶಗಳನ್ನು ಮಿದುಳಿನತ್ತ ಸೆಳೆದುಕೊಳ್ಳುವ ಅದರ ಶಕ್ತಿ ಕುಂದಿದೆಯಂತೆ. ನಮ್ಮಲ್ಲಿ ಎಚ್.ಐ.ವಿ.ಯಿಂದಲೇ ಬರುವ ಬುದ್ಧಿಮಾಂದ್ಯ ಮೊದಲ ವರ್ಷಗಳಲ್ಲಿ ಕಡಮೆ ಕಂಡದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ಊಹೆ. ಆದರೆ ಕಡಮೆ ಎಂದರೆ ಇಲ್ಲವೆಂದು ಅರ್ಥವಲ್ಲ. ಔಷಧದ ಬಲದಿಂದ ಜನ ಹತ್ತು, ಇಪ್ಪತ್ತು ವರ್ಷ ಬದುಕತೊಡಗಿದ ಮೇಲೆ, ಹಿಂದೆ ಸಮಯ ಸಿಗದ ತೊಂದರೆಗಳು ಈಗ ತಲೆಯೆತ್ತುತ್ತಿವೆ.

ಪರೀಕ್ಷೆ ಎಂದರೆ ಏನು? ತಲೆಯ ಎಂ.ಆರ್.ಐ. ಚಿತ್ರ, ಮತ್ತು ಬೆನ್ನಿನಿಂದ ನೀರು ತೆಗೆದು ನೋಡುವುದು. ಈ ಎರಡನೆಯದರ ಹೆಸರು ಕೇಳಿದೊಡನೆ ನಮ್ಮ ಜನ ಆಸ್ಪತ್ರೆಯಿಂದ ರೋಗಿಯನ್ನು ಎಬ್ಬಿಸಿಕೊಂಡು ಹೊರಡುತ್ತಾರೆ. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ, ಗಂಡಸಾದರೆ ದುಡಿಮೆಗೆ ಬಾರದವನಾಗುತ್ತಾನೆ ಎಂಬ ಮಾತುಗಳು ಮದ್ದೂರಿನಿಂದ ಮಕ್ತಲ್‌ವರೆಗೆ ಯಾವ ಊರಿನ ಕಟ್ಟೆಯ ಮೇಲೂ ಕೇಳಿಬರುತ್ತವೆ. ಇದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ.

ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವವಿರುತ್ತದೆ. ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿಲಿಲೀಟರು. ದೇಹ ಇದನ್ನು ಎಡೆಬಿಡದೆ ಹೊಸದಾಗಿ ತಯಾರಿಸುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು. ಎಂದರೆ ದಿನಕ್ಕೆ ಮೂರು ಬಾರಿ ಹಳೆಯದು ಹೋಗಿ ಹೊಸದು ಬರುತ್ತದೆ. ಪರೀಕ್ಷೆಗೆ ಬೇಕಾದುದು ಹತ್ತು ಮಿಲಿಲೀಟರಿನಷ್ಟು, ಎರಡು ಚಹದ ಚಮಚೆ. ಅರ್ಧ ಗಂಟೆಯಲ್ಲಿ ದೇಹ ಅದನ್ನು ತುಂಬಿಕೊಳ್ಳುತ್ತದೆ. ಸೂಜಿ ಹಾಕುವ ಜಾಗವನ್ನು ಕುರಿತು ಹೇಳುವುದಾದರೆ, ದೊಡ್ಡವರ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿದುಹೋಗಿರುತ್ತದೆ. ವೈದ್ಯರು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ನಾಲ್ಕನೆಯ ಮಣಿಗಳ ನಡುವೆ. ಅಲ್ಲಿ ಹುರಿಯೇ ಇಲ್ಲ. ನೀರಿನಲ್ಲಿ ತೇಲುವ ಬಿಡಿ ನರಗಳಿವೆ, ಅವು ಸೂಜಿಯ ಮೊನೆಯಿಂದ ಪಕ್ಕಕ್ಕೆ ಸರಿಯುತ್ತವೆ. ಕೆಲವರಿಗೆ ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎದ್ದು ಕುಳಿತಾಗ ತಲೆನೋವು ಬರುವುದುಂಟು, ಮಲಗಿದರೆ ಇಳಿಯುತ್ತದೆ. ಮಿದುಳಿನಲ್ಲಿ ಬಾವು ಹೆಚ್ಚಿದ್ದರೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರೆ ವೈದ್ಯರೇ ಈ ಪರೀಕ್ಷೆಯನ್ನು ಮುಂದೂಡುತ್ತಾರೆ. ಸೊಂಟ ಬಿದ್ದುಹೋಯಿತು ಎನ್ನುವ ಮಾತಿಗೆ ಮೂಲ ಬಹುಶಃ ಬೇರೆ: ತೀರ ತಡವಾಗಿ ಬಂದ ಕ್ಷಯದ ರೋಗಿಗೆ ನೀರು ತೆಗೆದಾಗ ಕಾಲು ಹೋಗುವುದು ರೋಗದಿಂದ, ಅಪವಾದ ಬರುವುದು ಸೂಜಿಯ ಮೇಲೆ.

ತೆಗೆದ ನೀರಿನಲ್ಲಿ ಕ್ಷಯ, ಬೂಷ್ಟುಗಳ ಪರೀಕ್ಷೆಯನ್ನು ಅನೇಕ ಕಡೆ ಮಾಡುತ್ತಾರೆ. ಎಚ್.ಐ.ವಿ.ಯ ಪ್ರಮಾಣವನ್ನು ಎಣಿಸುವ ಪರೀಕ್ಷೆಯನ್ನು ರಕ್ತದಲ್ಲಿ ಮಾಡುವುದೇ ವಾಡಿಕೆ. ಬೆನ್ನಿನ ನೀರಿನಲ್ಲಿಯೂ ಮಾಡಬೇಕೆಂದು ವೈದ್ಯರು ಪ್ರತ್ಯೇಕವಾಗಿ ಬರೆದರೆ ಮಾತ್ರ ಆಗುತ್ತದೆ, ಅದೂ ದೊಡ್ಡ ಸಂಸ್ಥೆಗಳಲ್ಲಿ. ಆದುದರಿಂದ ಮನೆಯವರು ಕೇಳಬಹುದಾದ ಒಂದು ಪ್ರಶ್ನೆಯನ್ನು ಇಲ್ಲಿ ಬರೆದುಕೊಡುತ್ತೇನೆ: ‘ಡಾಕ್ಟರೇ, ರಕ್ತದಲ್ಲಿ ಇಲ್ಲವೆಂದು ಬಂದಿದೆ, ಬೆನ್ನಿನ ನೀರಿನಲ್ಲಿ ಎಚ್.ಐ.ವಿ. ಎಷ್ಟಿದೆ ಎಂದು ನೋಡಬೇಕಾಗುತ್ತದೆಯೇ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಡುಕುವುದಿಲ್ಲ.

ಇದುವರೆಗೆ ಹೇಳಿದ್ದು ಎಚ್.ಐ.ವಿ. ಕುರಿತು. ರೋಗನಿರೋಧಶಕ್ತಿ ಕುಂದಿದವರು ಅವರಷ್ಟೇ ಅಲ್ಲ. ಮೂತ್ರಪಿಂಡ ಬದಲಿಸಿಕೊಂಡವರು, ರಕ್ತದ ಕ್ಯಾನ್ಸರಿಗೆ ಔಷಧ ಪಡೆಯುವವರು, ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವವರು ಕೂಡ ಇದೇ ಗುಂಪಿಗೆ ಸೇರುತ್ತಾರೆ. ಇವರಲ್ಲಿ ಮುಖ್ಯವಾಗಿ ಕಾಡುವುದು ಹರ್ಪಿಸ್ ಎಂಬ ವೈರಸ್ ಕುಲ: ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವಂಥದು, ಸಿಡುಬಲ್ಲದ ಸಣ್ಣ ಅಮ್ಮ ಮತ್ತು ಸರ್ಪಸುತ್ತನ್ನು ತರುವಂಥದು, ಸೈಟೊಮೆಗಲೊ ಎಂಬ ಮೂರನೆಯದು. ಮೊದಲನೆಯದು ಮಿದುಳಿಗೆ ಏರಿದಾಗ, ಔಷಧ ಕೊಡದಿದ್ದರೆ ನೂರಕ್ಕೆ ಸುಮಾರು ಎಪ್ಪತ್ತು ಜನ ಸಾಯುತ್ತಾರೆ.

ಇದಕ್ಕೆ ಮದ್ದು ಅಸೈಕ್ಲೊವಿರ್. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಅವರ ಸಂಗಡಿಗರ ಪ್ರಯೋಗಾಲಯದಿಂದ ಹೊರಬಂದ ಔಷಧವಿದು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕೆಲಸ ಸಿಗದೆ ಅಲೆದ ಈಕೆ, ಡಾಕ್ಟರೇಟ್ ಪದವಿಯನ್ನು ಪೂರೈಸದೆಯೇ 1988ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಅಸೈಕ್ಲೊವಿರ್‌ನ ಜಾಣತನ ಇಲ್ಲಿದೆ: ನುಂಗಿದಾಗ ಅದು ಬೀಗ ಹಾಕಿದ ಪೆಟ್ಟಿಗೆ, ಯಾರಿಗೂ ತೊಂದರೆಯಿಲ್ಲ. ಆ ಬೀಗ ತೆಗೆಯುವ ಕೀಲಿಕೈ ಇರುವುದು ಹರ್ಪಿಸ್ ವೈರಸ್ಸಿನ ಬಳಿ, ಅದರದೇ ಒಂದು ಕಿಣ್ವದ ರೂಪದಲ್ಲಿ. ವೈರಸ್ ಇರುವ ಕೋಶದಲ್ಲಿ ಮಾತ್ರ ಪೆಟ್ಟಿಗೆ ತೆರೆಯುತ್ತದೆ, ವೈರಸ್ ತನ್ನ ಕೈಯಾರೆ ತನ್ನ ಕೊಲೆಗಾರನನ್ನು ಹೊರಬಿಡುತ್ತದೆ. ಔಷಧಕ್ಕೆ ಮಣಿಯದ ವೈರಸ್ ಮಾಡುವುದು ಇಷ್ಟೆ: ಕೀಲಿಕೈಯನ್ನೇ ಎಸೆದುಬಿಡುತ್ತದೆ. ಇಂಥವು 1982ರ ಸುಮಾರಿಗೇ ರೋಗಿಗಳಲ್ಲಿ ಕಂಡುಬಂದವು. ಆರೋಗ್ಯವಂತರಲ್ಲಿ ಇವು ನೂರಕ್ಕೆ ಒಂದಕ್ಕಿಂತ ಕಡಮೆ. ನಿರೋಧಶಕ್ತಿ ಕುಂದಿದವರಲ್ಲಿ ನೂರಕ್ಕೆ ಐದರಷ್ಟು ಅಥವಾ ಹೆಚ್ಚು. ಮಜ್ಜೆಯ ಕಸಿಯಾದವರಲ್ಲಿ ಇನ್ನೂ ಹೆಚ್ಚು. ವ್ಯತ್ಯಾಸಕ್ಕೆ ಕಾರಣ, ಆರೋಗ್ಯವಂತನಲ್ಲಿ ಔಷಧ ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ದೇಹವೇ ಮಾಡಿ ಮುಗಿಸುತ್ತದೆ. ದೇಹ ಕೈಚೆಲ್ಲಿದವನಲ್ಲಿ ಔಷಧವೊಂದೇ ತಿಂಗಳುಗಟ್ಟಲೆ ಹೋರಾಡಬೇಕು, ಆ ಅವಧಿಯಲ್ಲಿ ಕೀಲಿಕೈ ಇಲ್ಲದ ವೈರಸ್ಸಿಗೆ ಬೆಳೆಯಲು ಬಿಡುವು ಸಿಗುತ್ತದೆ. ಆಗ ಬಳಸುವ ಫಾಸ್ಕಾರ್ನೆಟ್ ಎಂಬ ಔಷಧಕ್ಕೆ ಕೀಲಿಕೈಯ ಹಂಗಿಲ್ಲ; ಆದರೆ ಅದು ಮೂತ್ರಪಿಂಡಕ್ಕೆ ಬಹಳ ಕಠಿಣ. ಕಸಿ ಮಾಡಿದ ಮೂತ್ರಪಿಂಡವನ್ನು ಹೊತ್ತವನಿಗೆ ಅದನ್ನು ಕೊಡಬೇಕಾದ ವೈದ್ಯರ ಇಕ್ಕಟ್ಟನ್ನು ಓದುಗರೇ ಊಹಿಸಬಹುದು.

ಸರ್ಪಸುತ್ತಿನ ವಿಷಯದಲ್ಲಿ ಒಂದು ಮಾತು. ನಮ್ಮ ಕಡೆ ಇದಕ್ಕೆ ಕೆಮ್ಮಣ್ಣು ಬಳಿಸುತ್ತಾರೆ, ಸುತ್ತು ಕೂಡಿ ಹಾವಿನ ಹೆಡೆ ಬಾಲಕ್ಕೆ ತಾಕಿದರೆ ಸಾವೆಂದು ಹೆದರುತ್ತಾರೆ. ವೈರಸ್ ಒಂದು ನರದ ಜಾಡಿನಲ್ಲಿ ಬರುವುದರಿಂದ ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ನಿಲ್ಲುತ್ತದೆ. ತಾನಾಗಿ ಇಳಿಯುತ್ತದೆ, ಕೀರ್ತಿ ಕೆಮ್ಮಣ್ಣಿಗೆ ಹೋಗುತ್ತದೆ. ಆದರೆ ಎಚ್.ಐ.ವಿ. ಇದ್ದವರಿಗೆ, ಕಸಿಯಾದವರಿಗೆ ಅದು ನರದ ಜಾಡಿನಲ್ಲೇ ಮೇಲೇರಿ ಮಿದುಳಿಗೂ ಬೆನ್ನುಹುರಿಗೂ ಹೋಗಬಹುದು. ಅವರು ಮೊದಲ ಮೂರು ದಿನಗಳೊಳಗೆ ಔಷಧ ಆರಂಭಿಸಬೇಕು. ನಲವತ್ತರ ಒಳಗಿನವರಿಗೆ ಕಾರಣವಿಲ್ಲದೆ ಸರ್ಪಸುತ್ತು ಬಂದರೆ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡಿಸುವುದು ಜಾಣತನ.

ಮತ್ತೆ ಮದ್ದೂರಿನ ಕಾಗದಕ್ಕೆ ಬರೋಣ. ನಮ್ಮ ಗಡಿಭಾಗದ ಬಾಳಿನಲ್ಲಿ ಈ ರೋಗವನ್ನು ಕಂಡುಹಿಡಿಯುವುದು ಕಷ್ಟವಾಗಿರುವುದಕ್ಕೆ ವೈದ್ಯಶಾಸ್ತ್ರದ ಹೊರಗಿನ ಕಾರಣಗಳೂ ಇವೆ. ಮಳೆ ಕೈಕೊಟ್ಟ ವರ್ಷ ಮದ್ದೂರು, ಕೊಡಂಗಲ್, ನಾರಾಯಣಪೇಟೆ, ಮಕ್ತಲ್‌ಗಳಿಂದ ಜನ ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. ಪಾಲಮೂರಿನ ಕೂಲಿಯವರೆಂದರೆ ದೇಶದ ಕಟ್ಟಡಗಳಿಗೂ ಕಾಲುವೆಗಳಿಗೂ ಗೊತ್ತು. ಒಬ್ಬನೇ ರೋಗಿಯ ಚೀಟಿಗಳು ಮೂರು ಭಾಷೆಗಳಲ್ಲಿ ಮೂರು ಊರುಗಳಲ್ಲಿ ಬಿದ್ದಿರುತ್ತವೆ. ಮೊದಲ ವರಸೆಯ ಔಷಧ ಯಾವಾಗ ಸೋತಿತು, ಎರಡನೆಯದು ಯಾವಾಗ ಬಂದಿತು ಎಂಬುದನ್ನು ಹೇಳುವವರಿಲ್ಲ. ಮಿದುಳಿನಲ್ಲಿ ಮಣಿಯದ ವೈರಸ್ ಇದೆಯೇ ಎಂಬ ಸಂದೇಹ ವೈದ್ಯರಿಗೆ ಹುಟ್ಟುವುದು ಆ ಚರಿತ್ರೆಯಿಂದಲೇ. ಎ.ಆರ್.ಟಿ. ಕೇಂದ್ರದಲ್ಲಿ ಕೊಡುವ ಹಸಿರು ಪುಸ್ತಕವನ್ನು ಇದಕ್ಕಾಗಿ ಜೋಪಾನ ಮಾಡಬೇಕು. ಊರು ಬಿಡುವಾಗ ಕೇಂದ್ರದಿಂದ ವರ್ಗಾವಣೆಯ ಪತ್ರ ಪಡೆದರೆ ಬೇರೆ ರಾಜ್ಯದ ಕೇಂದ್ರದಲ್ಲಿಯೂ ಅದೇ ಔಷಧ ಉಚಿತವಾಗಿ ದೊರೆಯುತ್ತದೆ. ರಾಜ್ಯದ ಗಡಿ ಇದಕ್ಕೆ ಅಡ್ಡಿಯಲ್ಲ. ಪುಸ್ತಕವನ್ನು ಯಾರಾದರೂ ನೋಡಿಯಾರು ಎಂಬ ಭಯಕ್ಕೆ ಹರಿದು ಎಸೆಯುವವರಿದ್ದಾರೆ. ಅವರ ಭಯ ಸುಳ್ಳಲ್ಲ, ಊರು ಸಣ್ಣದು. ಹಾಗಿದ್ದರೆ ಔಷಧಗಳ ಹೆಸರನ್ನೂ ಆರಂಭಿಸಿದ ವರ್ಷವನ್ನೂ ಒಂದು ಚೀಟಿಯಲ್ಲಿ ರೋಗದ ಹೆಸರಿಲ್ಲದೆ ಬರೆದಿಟ್ಟುಕೊಂಡರೂ ವೈದ್ಯರಿಗೆ ಅರ್ಥವಾಗುತ್ತದೆ.

ಗುಟ್ಟನ್ನು ಊರಿನಿಂದ ಮುಚ್ಚಿಡಲಿ, ವೈದ್ಯರಿಂದ ಮುಚ್ಚಿಡಬಾರದು. ತಲೆ ಕೆಟ್ಟಿದೆ ಎಂದಷ್ಟೇ ಹೇಳಿ ಮನೋರೋಗದ ಮಾತ್ರೆ ಬರೆಸಿಕೊಂಡು ಬರುವ ಮನೆಗಳಿವೆ, ಎಚ್.ಐ.ವಿ. ಇದೆಯೆಂಬುದು ಗೊತ್ತಿಲ್ಲದ ವೈದ್ಯರು ಬೇರೇನು ಮಾಡಿಯಾರು? 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಎಚ್.ಐ.ವಿ. ಇದೆಯೆಂದು ಚಿಕಿತ್ಸೆ ನಿರಾಕರಿಸುವುದೂ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದೂ ನಿಷಿದ್ಧ.

ಮೊದಲ ಲಕ್ಷಣಗಳನ್ನು ಗುರುತಿಸುವವರು ಮನೆಯವರೇ, ವೈದ್ಯರಲ್ಲ. ಈ ಕಾಯಿಲೆಯಲ್ಲಿ ಮನುಷ್ಯ ಮಾತು ಮರೆಯುವುದಕ್ಕಿಂತ ಮುಂಚೆ ನಿಧಾನವಾಗುತ್ತಾನೆ. ನಾರಾಯಣಪೇಟೆಯ ಮಗ್ಗದ ಮೇಲೆ ಕುಳಿತವನು ಅಂಚಿನ ಎಳೆಯ ಲೆಕ್ಕ ತಪ್ಪುತ್ತಾನೆ, ಅಡಿಗೆಮನೆಯಲ್ಲಿ ಹೆಂಗಸು ಒಲೆಯ ಮೇಲಿನದನ್ನು ಮರೆತು ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುವುದಿಲ್ಲ, ಅಕ್ಷರ ಸೊಟ್ಟಗಾಗುತ್ತದೆ. ವಾರಗಳಲ್ಲೋ ತಿಂಗಳುಗಳಲ್ಲೋ ಇಂಥದು ಹೆಚ್ಚುತ್ತಿದ್ದರೆ ಮುಂದಿನ ಮಾತ್ರೆಯ ದಿನಕ್ಕಾಗಿ ಕಾಯದೆ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ, ಅಲ್ಲಿಂದ ನರರೋಗ ತಜ್ಞರಿರುವ ಆಸ್ಪತ್ರೆಗೆ ಪತ್ರ ಕೇಳಬೇಕು. ಜ್ವರ, ಬಿಡದ ತಲೆನೋವು, ವಾಂತಿ, ಮೂರ್ಛೆ ಕೂಡಿದ್ದರೆ ಅದೇ ದಿನ ಹೋಗಬೇಕು. ಮದ್ದೂರಿನವರಿಗೆ ಮೆಹಬೂಬನಗರವೂ ರಾಯಚೂರೂ ದಾರಿಯ ಮೇಲಿನ ಸರ್ಕಾರಿ ದೊಡ್ಡಾಸ್ಪತ್ರೆಗಳು. ಅಲ್ಲಿಂದ ಮುಂದಕ್ಕೆ ಹೈದರಾಬಾದಿನ ನಿಜಾಮ್ಸ್ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಯಾವ ಕೇಂದ್ರ ಎಲ್ಲಿದೆಯೆಂದು ತಿಳಿಯಲು 1097 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ, ಹೆಸರು ಹೇಳಬೇಕಾಗಿಲ್ಲ.

ಕಾಗದದ ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯಿತ್ತು, ಸಣ್ಣ ಅಕ್ಷರಗಳಲ್ಲಿ: ಮಕ್ಕಳು ಅವರ ತಟ್ಟೆಯಲ್ಲೇ ಉಣ್ಣುತ್ತಾರೆ, ಈಗ ತಲೆಗೆ ಏರಿದ ಮೇಲೆ ಬೇರೆ ಮಾಡಬೇಕೆ? ಬೇಡ. ಔಷಧಕ್ಕೆ ಮಣಿಯುವುದಾಗಲಿ ಮಣಿಯದ್ದಾಗಲಿ, ಈ ವೈರಸ್ ಊಟದಿಂದ, ಎಂಜಲಿನಿಂದ, ಒಂದೇ ಹಾಸಿಗೆಯಲ್ಲಿ ಮಲಗಿ ಕಥೆ ಹೇಳುವುದರಿಂದ ಹರಡುವುದಿಲ್ಲ. ನಡೆಯುವಾಗ ಓಲಾಡುವುದರಿಂದ ಬಚ್ಚಲಿಗೆ ಹೋಗುವಾಗ ಮಾತ್ರ ಯಾರಾದರೊಬ್ಬರು ಜೊತೆಗಿರಲಿ.